ಐದು ಟನ್ ಚೆಂಡು, ಒಂದು ಬ್ಯಾಟು

31,258. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಮರ್ಸ್ ಕಾಲೇಜಿನಲ್ಲಿ ಓದಿದ ಹುಡುಗನೊಬ್ಬ ಮುಂದೆ ಟೆಸ್ಟ್ ಕ್ರಿಕೆಟ್‌ನಲ್ಲಿ ಎದುರಿಸಿದ ಎಸೆತಗಳ ಸಂಖ್ಯೆ ಇದು. ಆ ಹುಡುಗನ ಹೆಸರು ರಾಹುಲ್ ದ್ರಾವಿಡ್. ಟೆಸ್ಟ್ ಆಟ ಶುರುವಾಗಿ ಒಂದೂವರೆ ಶತಮಾನ ಆಗುತ್ತ ಬಂತು. ಇಷ್ಟು ಎಸೆತ ಎದುರಿಸಿದ ಇನ್ನೊಬ್ಬ ಬ್ಯಾಟ್ಸ್‌ಮನ್ ಇಲ್ಲ. ದಿನಕ್ಕೆ 90 ಓವರ್ ಲೆಕ್ಕ ಹಿಡಿದರೆ, ಬೌಲರ್‌ಗಳೆಲ್ಲ ಸೇರಿ ಇವರೊಬ್ಬರಿಗೇ ಬೆಳಿಗ್ಗೆಯಿಂದ ಸಂಜೆವರೆಗೆ ಎಸೆದರೂ ಮುಗಿಸಲು 58 ದಿನ ಬೇಕು. ಹನ್ನೊಂದೂವರೆ ಟೆಸ್ಟ್ ಪಂದ್ಯ, ಮೊದಲ ಎಸೆತದಿಂದ ಕೊನೆಯ ಎಸೆತದವರೆಗೆ, ಒಬ್ಬನೇ ಮನುಷ್ಯ!

ಈ ಸಂಖ್ಯೆಯನ್ನು ರಸ್ತೆಯ ಮೇಲೆ ಹಾಸೋಣ. ಅಳತೆಗೆ ನಮ್ಮ ಗಡಿಯಾಚೆಯ ಊರುಗಳನ್ನೇ ಇಟ್ಟುಕೊಳ್ಳೋಣ: ಕನ್ನಡ, ತೆಲುಗು, ಉರ್ದು, ಮರಾಠಿ ಒಂದೇ ಸಂತೆಯಲ್ಲಿ ಕೇಳಿಸುವ ತೆಲಂಗಾಣದ ಜಹೀರಾಬಾದ್, ನಾರಾಯಣಖೇಡ, ತಾಂಡೂರು. ಒಂದು ಎಸೆತ ಅಂದರೆ 22 ಗಜದ ಪಯಣ, 20 ಮೀಟರ್ ಮತ್ತು ಸ್ವಲ್ಪ. ದ್ರಾವಿಡ್ ಎದುರಿಸಿದ ಟೆಸ್ಟ್ ಎಸೆತಗಳನ್ನೆಲ್ಲ ಒಂದರ ಹಿಂದೆ ಒಂದು ಜೋಡಿಸಿದರೆ 629 ಕಿಲೋಮೀಟರ್. ಬೆಂಗಳೂರಿನಿಂದ ಹೊರಟ ಚೆಂಡು ಸುಮಾರು 570 ಕಿಲೋಮೀಟರ್ ದೂರದ ಹೈದರಾಬಾದ್ ತಲುಪಿ, ಅಲ್ಲಿಂದ 65ನೇ ಹೆದ್ದಾರಿ ಹಿಡಿದು ಸಂಗಾರೆಡ್ಡಿಯ ಹತ್ತಿರ ನಿಲ್ಲುತ್ತದೆ. ಜಹೀರಾಬಾದ್‌ಗೆ ಇನ್ನು 40 ಕಿಲೋಮೀಟರ್ ಬಾಕಿ. ಏಕದಿನ ಪಂದ್ಯಗಳಲ್ಲಿ ಎದುರಿಸಿದ 15 ಸಾವಿರಕ್ಕೂ ಹೆಚ್ಚು ಎಸೆತಗಳನ್ನು ಇದಕ್ಕೆ ಸೇರಿಸಿ ನೋಡಿ. ಚೆಂಡು ಜಹೀರಾಬಾದ್ ದಾಟುತ್ತದೆ, ಹುಮನಾಬಾದ್ ದಾಟುತ್ತದೆ, ಸೋಲಾಪುರವನ್ನೂ ದಾಟಿ ಪುಣೆಯ ದಾರಿ ಹಿಡಿಯುತ್ತದೆ. ಒಟ್ಟು 930ಕ್ಕೂ ಹೆಚ್ಚು ಕಿಲೋಮೀಟರ್, ಅಷ್ಟೂ ದೂರಕ್ಕೆ ಎದುರು ನಿಂತದ್ದು ಅಂಗೈಗಿಂತ ತುಸು ಅಗಲದ ಒಂದು ಮರದ ಹಲಗೆ.

ದೂರದ ಮಾತು ಹಾಗಿರಲಿ, ತೂಕಕ್ಕೆ ಬನ್ನಿ. ನಿಯಮದ ಪ್ರಕಾರ ಕ್ರಿಕೆಟ್ ಚೆಂಡಿನ ತೂಕ 156ರಿಂದ 163 ಗ್ರಾಂ. ಅಂಗೈಯಲ್ಲಿ ಇಟ್ಟುಕೊಂಡರೆ ಏನೂ ಅನ್ನಿಸದು. 31,258ರಿಂದ ಗುಣಿಸಿ: ಐದು ಟನ್. ತಾಂಡೂರಿನ ಮಾರುಕಟ್ಟೆಗೆ ಬರುವ ತೊಗರಿಯ ಲೆಕ್ಕದಲ್ಲಿ 50 ಕ್ವಿಂಟಲ್. ಮೈಸೂರು ದಸರೆಯಲ್ಲಿ ಚಿನ್ನದ ಅಂಬಾರಿ ಹೊರುವ ಗಂಡಾನೆಯ ತೂಕವೂ ಹೆಚ್ಚುಕಡಿಮೆ ಇಷ್ಟೇ. ಅಂಬಾರಿಯದೇ ತೂಕ 750 ಕಿಲೋ. ದ್ರಾವಿಡ್ ಎದುರಿಸಿದ ಚೆಂಡುಗಳ ರಾಶಿಯಲ್ಲಿ ಆರೂವರೆಗೂ ಹೆಚ್ಚು ಅಂಬಾರಿ ಅಡಗಿವೆ. ಒಂದು ಇಡೀ ಆನೆಯನ್ನು 160 ಗ್ರಾಂನ ತುಂಡುಗಳಾಗಿ, ಗಂಟೆಗೆ ನೂರು, ನೂರಿಪ್ಪತ್ತು, ನೂರೈವತ್ತು ಕಿಲೋಮೀಟರ್ ವೇಗದಲ್ಲಿ ಎಸೆದರು. ಮನುಷ್ಯ ಅಲ್ಲಾಡಲಿಲ್ಲ. ಅಭಿಮಾನಿಗಳು ಅವರನ್ನು ಗೋಡೆ ಅಂದರು. ಇಷ್ಟು ಏಟು ತಿಂದ ಇಟ್ಟಿಗೆಯ ಗೋಡೆ ಯಾವುದಾದರೂ ನಿಂತಿರುತ್ತಿತ್ತೇ ಅನ್ನುವುದೇ ಅನುಮಾನ.

ತೂಕಕ್ಕಿಂತ ದೊಡ್ಡದು ಕಾಲ. 164 ಟೆಸ್ಟ್, 286 ಇನಿಂಗ್ಸ್, ಕ್ರೀಸಿನಲ್ಲಿ ಕಳೆದ ಹೊತ್ತು 44,152 ನಿಮಿಷ. ಇದೂ ವಿಶ್ವದಾಖಲೆ. ಬಿಡಿಸಿದರೆ 735 ಗಂಟೆ 52 ನಿಮಿಷ. ಇನ್ನೂ ಬಿಡಿಸಿದರೆ 30 ದಿನ, 15 ಗಂಟೆ, 52 ನಿಮಿಷ. ಊಟವಿಲ್ಲ, ನಿದ್ದೆಯಿಲ್ಲ, ಹಗಲೂ ರಾತ್ರಿಯೂ ಹೆಲ್ಮೆಟ್ ಹಾಕಿಕೊಂಡು ಒಂದು ತಿಂಗಳು! ಚಂದ್ರ ಭೂಮಿಗೆ ಒಂದು ಸುತ್ತು ಬರಲು ತೆಗೆದುಕೊಳ್ಳುವುದು 27 ದಿನ ಮತ್ತು ಸುಮಾರು 8 ಗಂಟೆ. ಚಂದ್ರ ತನ್ನ ಸುತ್ತು ಮುಗಿಸಿ, ಎರಡನೆಯದನ್ನು ಶುರು ಮಾಡಿ ಮೂರು ದಿನ ಕಳೆದರೂ ದ್ರಾವಿಡ್ ಇನ್ನೂ ಗಾರ್ಡ್ ತೆಗೆದುಕೊಳ್ಳುತ್ತಿದ್ದಾರೆ. ನಾರಾಯಣಖೇಡದ ಹೈಸ್ಕೂಲಿನ ಹುಡುಗನಿಗೆ ಇದನ್ನು ಹೇಳಬೇಕಾದರೆ, 45 ನಿಮಿಷದ 981 ಪಿರಿಯಡ್. ದಿನಕ್ಕೆ 8 ಪಿರಿಯಡ್ ನಡೆದರೂ 123 ದಿನ. ಜೂನ್‌ನಲ್ಲಿ ಬಾಗಿಲು ತೆರೆದ ಶಾಲೆ ದಸರಾ ರಜೆ ಮುಗಿಸಿ ದೀಪಾವಳಿಯನ್ನೂ ದಾಟಿರುತ್ತದೆ. ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಮಾತ್ರ ಎದ್ದು ಹೊರಗೆ ಹೋಗಿರುವುದಿಲ್ಲ.

ನಿಂತದ್ದಷ್ಟೇ ಲೆಕ್ಕ ಅಂದುಕೊಳ್ಳಬೇಡಿ, ಓಡಿದ್ದೂ ಇದೆ. ಟೆಸ್ಟ್ ರನ್ 13,288. ಅದರಲ್ಲಿ ಬೌಂಡರಿ 1,654, ಸಿಕ್ಸರ್ 21. ಇವೆರಡನ್ನೂ ಕಳೆದರೆ ಉಳಿಯುವುದು ಕಾಲಿನಿಂದ ದುಡಿದ 6,546 ರನ್. ಒಂದು ಕ್ರೀಸಿನಿಂದ ಇನ್ನೊಂದಕ್ಕೆ 58 ಅಡಿ. ಪ್ಯಾಡು, ಗ್ಲವ್ಸು, ಬ್ಯಾಟು ಹೊತ್ತುಕೊಂಡು ಟೆಸ್ಟ್‌ನಲ್ಲಿ ಓಡಿದ್ದು ಸುಮಾರು 115 ಕಿಲೋಮೀಟರ್. ಜಹೀರಾಬಾದ್‌ನಿಂದ ಹೈದರಾಬಾದ್ ಮುಟ್ಟಿ, ಊರೊಳಗೆ ಇನ್ನೂ ಒಂದಷ್ಟು ಸುತ್ತಾಡುವಷ್ಟು ದೂರ. ಏಕದಿನದ 10,889 ರನ್‌ಗಳಿಗೂ ಹೀಗೇ ಲೆಕ್ಕ ಹಾಕಿದರೆ ಮತ್ತೆ 121 ಕಿಲೋಮೀಟರ್. ಎರಡೂ ಸೇರಿ 236. ಜಹೀರಾಬಾದ್‌ನಿಂದ ಹೈದರಾಬಾದ್‌ಗೆ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬಂದು, ದಣಿವಾರಿಸಿಕೊಳ್ಳದೆ ಬೀದರಿನ ಕೋಟೆ ನೋಡಲು ಓಡಿದ ಹಾಗೆ. ಎದುರು ತುದಿಯಲ್ಲಿದ್ದ ಜೊತೆಗಾರರ ರನ್‌ಗಳಿಗೆ ಓಡಿದ್ದನ್ನು ಇಲ್ಲಿ ಸೇರಿಸಿಲ್ಲ. ಇನ್ನೊಂದು ಮಾತು: ಈ ಓಟವೆಲ್ಲ ನಡೆದದ್ದು ಎಷ್ಟು ಜಾಗದಲ್ಲಿ? 66 ಅಡಿ ಉದ್ದ, 10 ಅಡಿ ಅಗಲ. ಎರಡಡಿ ಚೌಕದ ತಾಂಡೂರು ಫರ್ಸಿ ಹಾಸಿದರೆ ಉದ್ದಕ್ಕೆ 33, ಅಗಲಕ್ಕೆ 5, ಒಟ್ಟು 165 ಕಲ್ಲು. ಒಂದು ಸಾಧಾರಣ ಮನೆಯ ನೆಲದಷ್ಟು ಜಾಗದಲ್ಲಿ ಒಬ್ಬ ಮನುಷ್ಯ ಎರಡು ಜಿಲ್ಲೆ ದಾಟಿಬಿಟ್ಟರು!

ಈಗ ಒಂದೊಂದೇ ಇನಿಂಗ್ಸ್ ಎತ್ತಿಕೊಳ್ಳಿ. 2004ರಲ್ಲಿ ರಾವಲ್ಪಿಂಡಿಯಲ್ಲಿ 270 ರನ್, 495 ಎಸೆತ, 740 ನಿಮಿಷ. 12 ಗಂಟೆ 20 ನಿಮಿಷ ಅಂದರೆ ರಾತ್ರಿ ಬಸ್ಸಿನಲ್ಲಿ ಬೀದರಿನಿಂದ ಬೆಂಗಳೂರಿಗೆ ಬರುವಷ್ಟು ಹೊತ್ತು. ಬಸ್ಸಿನಲ್ಲಾದರೆ ಕೂರಲು ಸೀಟಾದರೂ ಇರುತ್ತದೆ. 2001ರ ಮಾರ್ಚ್ 14ರಂದು ಕೋಲ್ಕತ್ತದಲ್ಲಿ, ಫಾಲೋಆನ್ ಪಡೆದ ತಂಡದ ಪರವಾಗಿ ಲಕ್ಷ್ಮಣ್ ಜೊತೆ ಇಡೀ ದಿನ ನಿಂತರು. 90 ಓವರ್, 335 ರನ್, ವಿಕೆಟ್ ಸೊನ್ನೆ. ಆ ಜೊತೆಯಾಟ ಮುಗಿದಾಗ 376. ಎದುರಿಗಿದ್ದದ್ದು ಸತತ 16 ಟೆಸ್ಟ್ ಗೆದ್ದು ಬಂದಿದ್ದ ಆಸ್ಟ್ರೇಲಿಯಾ. ಹದಿನೇಳನೆಯದನ್ನು ಭಾರತ 171 ರನ್‌ಗಳಿಂದ ಕಿತ್ತುಕೊಂಡಿತು. ಲಕ್ಷ್ಮಣ್ ಹೈದರಾಬಾದಿನವರು, ದ್ರಾವಿಡ್ ಬೆಂಗಳೂರಿನವರು; ಇಬ್ಬರ ಊರುಗಳ ನಡುವಿನ 570 ಕಿಲೋಮೀಟರ್ ಆ ದಿನ 22 ಗಜಕ್ಕೆ ಇಳಿದಿತ್ತು.

ಇನ್ನೊಂದು ಇನಿಂಗ್ಸಿನ ಸಂಖ್ಯೆ ಇದಕ್ಕೆ ತಲೆಕೆಳಗು. 2008ರ ಜನವರಿ, ಸಿಡ್ನಿ. ದ್ರಾವಿಡ್ 18 ರನ್ ಗಳಿಸಿದ್ದರು. 19ಕ್ಕೆ ತಲುಪಬೇಕು. ಒಂದು ಎಸೆತ, ಮುಂದೆ ಕಾಲಿಟ್ಟು ತಡೆದರು. ಚೆಂಡು ಕಾಲಬುಡದಲ್ಲಿ ಸತ್ತು ಬಿತ್ತು. ಇನ್ನೊಂದು, ಬಿಟ್ಟರು. ಮತ್ತೊಂದು, ಬೆರಳ ಮಟ್ಟದಿಂದ ಕೆಳಕ್ಕೆ ಒತ್ತಿದರು. ಹತ್ತಾಯಿತು, ಇಪ್ಪತ್ತಾಯಿತು, ಮೂವತ್ತಾಯಿತು. 40ನೇ ಎಸೆತದಲ್ಲಿ ಆ ಒಂದು ರನ್ ಬಂತು. ಮೈದಾನಕ್ಕೆ ಮೈದಾನವೇ ಶತಕ ಹೊಡೆದವರಿಗೆ ತಟ್ಟುವ ಹಾಗೆ ಚಪ್ಪಾಳೆ ತಟ್ಟಿತು. 1 ರನ್, 40 ಎಸೆತ: ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೈದರಾಬಾದ್ ಅಂದಮೇಲೆ 1999ರ ನವೆಂಬರ್ 8 ಬಿಡುವ ಹಾಗಿಲ್ಲ. ಲಾಲ್ ಬಹದ್ದೂರ್ ಕ್ರೀಡಾಂಗಣದಲ್ಲಿ ನ್ಯೂಜಿಲೆಂಡ್ ವಿರುದ್ಧ ಏಕದಿನ ಪಂದ್ಯ. ಸಚಿನ್ ತೆಂಡೂಲ್ಕರ್ 186, ದ್ರಾವಿಡ್ 153, ಇಬ್ಬರ ಜೊತೆಯಾಟ 331. ಆಗ ಅದು ವಿಶ್ವದಾಖಲೆ. ಅದಕ್ಕಿಂತ ಆರು ತಿಂಗಳ ಹಿಂದಷ್ಟೇ ಇಂಗ್ಲೆಂಡಿನ ಟಾಂಟನ್‌ನಲ್ಲಿ ಶ್ರೀಲಂಕಾ ವಿರುದ್ಧ ಗಂಗೂಲಿ ಜೊತೆ 318. ಆಗ ಜಗತ್ತಿನ ಏಕದಿನ ಕ್ರಿಕೆಟ್‌ನಲ್ಲಿ 300 ದಾಟಿದ ಜೊತೆಯಾಟಗಳು ಇದ್ದದ್ದೇ ಎರಡು. ಎರಡರಲ್ಲೂ ಒಂದು ತುದಿಗೆ ಇದೇ ಮನುಷ್ಯ, ಎರಡೂ ಒಂದೇ ವರ್ಷ. ನಿಧಾನದ ಆಟಗಾರ ಅಂತ ಯಾರೋ ಅಂದದ್ದು ಕೇಳಿದ ನೆನಪು!

ಟೆಸ್ಟ್‌ನಲ್ಲಿ ಅವರು ಪಾಲ್ಗೊಂಡ ಶತಕದ ಜೊತೆಯಾಟಗಳು 88. ಕ್ರೀಸಿನಲ್ಲಿ ಅವರಿದ್ದಾಗ ಎರಡೂ ತುದಿಯಿಂದ ತಂಡಕ್ಕೆ ಹರಿದು ಬಂದ ರನ್ 30 ಸಾವಿರಕ್ಕೂ ಹೆಚ್ಚು. ವಿಕೆಟ್ ಕೀಪರ್ ಅಲ್ಲದೆಯೂ ಹಿಡಿದ ಕ್ಯಾಚ್ 210. ಹತ್ತು ಹತ್ತರಂತೆ ಎಣಿಸಿದರೆ ಎದುರಾಳಿಗಳ 21 ಇನಿಂಗ್ಸ್ ಪೂರ್ತಿ ಆಲೌಟ್. 2025ರ ಜುಲೈವರೆಗೂ ಈ ದಾಖಲೆಯನ್ನು ಯಾರೂ ಮುರಿಯಲಿಲ್ಲ. ಲಾರ್ಡ್ಸ್‌ನಲ್ಲಿ ಜೋ ರೂಟ್ 211ನೆಯದನ್ನು ಹಿಡಿದಾಗ ಔಟಾದವರು ಯಾರು ಗೊತ್ತೆ? ಕರುಣ್ ನಾಯರ್. ಕರ್ನಾಟಕದವರ ದಾಖಲೆ ಮುರಿಯಲೂ ಕರ್ನಾಟಕದವರ ಬ್ಯಾಟೇ ಬೇಕಾಯಿತು. ಟೆಸ್ಟ್, ಏಕದಿನ, ಟಿ20 ಎಲ್ಲ ಕೂಡಿಸಿದರೆ 509 ಅಂತರರಾಷ್ಟ್ರೀಯ ಪಂದ್ಯ, 24,208 ರನ್. 1991ರ ಫೆಬ್ರವರಿಯಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ವಿರುದ್ಧ ಮೊದಲ ರಣಜಿ ಪಂದ್ಯ ಆಡಿ 82 ಹೊಡೆದಾಗ ಅವರು ಇನ್ನೂ ಕಾಲೇಜು ಹುಡುಗ, ವಯಸ್ಸು 18. 82ರಿಂದ 24 ಸಾವಿರ: ಸುಮಾರು 300 ಪಟ್ಟು.

ಇಷ್ಟು ದೊಡ್ಡ ಸಂಖ್ಯೆಗಳ ಮುಂದೆ ಈಗ ಅತಿ ಸಣ್ಣ ಸಂಖ್ಯೆಯೊಂದನ್ನು ಇಡುತ್ತೇನೆ: ಸೊನ್ನೆ. ಕೋಚ್ ಆದಮೇಲೆ ದ್ರಾವಿಡ್ ಭಾರತಕ್ಕಾಗಿ ಹೊಡೆದ ರನ್ ಅಷ್ಟು. ಆಟಗಾರನ ಅಂಕಿ ಆಟಗಾರನ ಹೆಸರಿನ ಮುಂದೆ ಕೂರುತ್ತದೆ. ಕೋಚ್‌ನ ಅಂಕಿ ಊರೂರು ಅಲೆಯುತ್ತದೆ. ಹುಡುಕಬೇಕಾದರೆ ಬೇರೆಯವರ ಹೆಸರಿನ ಮುಂದೆ ಹುಡುಕಬೇಕು. ಹುಡುಕಿದರೆ, ಅಲ್ಲಿರುವ ಮೊತ್ತದ ಮುಂದೆ 24,208 ಚಿಲ್ಲರೆಯಾಗಿ ಕಾಣುತ್ತದೆ.

ಕಾಲೇಜು ಆಟಗಾರ ಕೋಚ್ ಆದರೆ ಸಂಖ್ಯೆ ಎಲ್ಲಿಗೆ ಹೋಗಬಹುದು ಅನ್ನುವುದಕ್ಕೆ ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ಅಳತೆಗೋಲು ಇದೆ: ಜಾನ್ ವುಡನ್. ಪರ್ಡ್ಯೂ ವಿಶ್ವವಿದ್ಯಾಲಯದ ಆಟಗಾರ, 1932ರಲ್ಲಿ ಅಲ್ಲಿಂದ ಹೊರಬಿದ್ದವರು. ವೃತ್ತಿಪರ ಆಟದಲ್ಲಿ ಸತತ 134 ಫ್ರೀ ಥ್ರೋ ಬುಟ್ಟಿಗೆ ಹಾಕಿದವರು, ಒಂದೂ ತಪ್ಪದೆ. 1948ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ತಂಡಕ್ಕೆ ಕೋಚ್ ಆಗಿ ಹೋದರು. ಮೊದಲ 15 ವರ್ಷ ರಾಷ್ಟ್ರೀಯ ಪ್ರಶಸ್ತಿಯ ಸುಳಿವೇ ಇಲ್ಲ. ಆಮೇಲೆ ಬಾಗಿಲು ಒಡೆಯಿತು. 12 ವರ್ಷದಲ್ಲಿ 10 ಪ್ರಶಸ್ತಿ. ಅದರಲ್ಲಿ 1967ರಿಂದ 1973ರವರೆಗೆ ಸತತ 7. ನಾಲ್ಕು ಋತುಗಳಲ್ಲಿ 30ಕ್ಕೆ 30 ಪಂದ್ಯ ಗೆಲುವು. 1971ರ ಜನವರಿಯಿಂದ 1974ರ ಜನವರಿವರೆಗೆ ಸತತ 88 ಜಯ. 89ನೆಯದರಲ್ಲಿ ಸೋತದ್ದು ಒಂದೇ ಅಂಕದಿಂದ, 70ಕ್ಕೆ 71. ದ್ರಾವಿಡ್‌ರ ಶತಕದ ಜೊತೆಯಾಟ 88, ವುಡನ್‌ರ ಜಯಮಾಲೆಯಲ್ಲಿ 88. ಸಂಖ್ಯೆಗಳಿಗೂ ತಮಾಷೆ ಗೊತ್ತು!

ವುಡನ್ ಯುಸಿಎಲ್‌ಎಯಲ್ಲಿ ಗೆದ್ದದ್ದು 620, ಸೋತದ್ದು 147. ಹೀಗೆ ಗೆಲ್ಲುವವರು ದಿನವೂ ಎಷ್ಟು ಹೊಗಳುತ್ತಿದ್ದರು, ಎಷ್ಟು ಬೈಯುತ್ತಿದ್ದರು ಎಂದು ಇಬ್ಬರು ಸಂಶೋಧಕರು 1974-75ರಲ್ಲಿ ಪಕ್ಕದಲ್ಲಿ ಕೂತು ಎಣಿಸಿಯೇ ಬಿಟ್ಟರು. ಅಭ್ಯಾಸದ ವೇಳೆ ಅವರು ಹೇಳಿದ, ಮಾಡಿದ 2,326 ಸಂಗತಿಗಳನ್ನು ಗುರುತು ಹಾಕಿದರು. ಹೊಗಳಿಕೆ ನೂರಕ್ಕೆ 6.9. ಅಸಮಾಧಾನ 6.6. ಮುಕ್ಕಾಲು ಪಾಲು ಬರೀ ಪಾಠ: ಕಾಲು ಎಲ್ಲಿಡಬೇಕು, ಚೆಂಡು ಯಾವಾಗ ಬಿಡಬೇಕು. ಋತುವಿನ ಮೊದಲ ದಿನ ಕಾಲುಚೀಲ ಸುಕ್ಕಿಲ್ಲದೆ ಹಾಕಿಕೊಳ್ಳುವುದು ಹೇಗೆ ಎಂಬುದನ್ನೂ ಅವರು ಹೇಳಿಕೊಡುತ್ತಿದ್ದರು, ಏಳಡಿ ಎತ್ತರದ ಹುಡುಗರಿಗೆ! ಆಟಗಾರನಾಗಿಯೂ ಕೋಚ್ ಆಗಿಯೂ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಸೇರಿದ ಮೊದಲ ವ್ಯಕ್ತಿ ಅವರು. 2010ರಲ್ಲಿ ತೀರಿಕೊಂಡಾಗ ವಯಸ್ಸು 99; ಶತಕಕ್ಕೆ 4 ತಿಂಗಳು 10 ದಿನ ಬಾಕಿ ಇತ್ತು.

ಇತ್ತ ನಮ್ಮ ಕಾಲೇಜು ಹುಡುಗನ ಎರಡನೇ ಖಾತೆ ತೆರೆದದ್ದು ಹತ್ತೊಂಬತ್ತರೊಳಗಿನ ಮಕ್ಕಳೊಂದಿಗೆ. 2016ರ ಕಿರಿಯರ ವಿಶ್ವಕಪ್‌ನಲ್ಲಿ ಫೈನಲ್‌ವರೆಗೆ ಬಂದು ಸೋತರು. 2018ರಲ್ಲಿ ನ್ಯೂಜಿಲೆಂಡಿನಲ್ಲಿ ಮತ್ತೆ ಹೋದರು. 6 ಪಂದ್ಯ, 6 ಗೆಲುವು. ಮೊದಲ ಪಂದ್ಯದಲ್ಲಿ ಆಸ್ಟ್ರೇಲಿಯಾ ಮೇಲೆ 100 ರನ್ ಜಯ. ಎರಡು ಪಂದ್ಯ ಹತ್ತು ಹತ್ತು ವಿಕೆಟ್‌ಗಳಿಂದ. ಕ್ವಾರ್ಟರ್ ಫೈನಲ್ 131 ರನ್‌ಗಳಿಂದ. ಸೆಮಿಫೈನಲ್‌ನಲ್ಲಿ ಪಾಕಿಸ್ತಾನ 69ಕ್ಕೆ ಆಲೌಟ್, ಅಂತರ 203. ಫೈನಲ್ 8 ವಿಕೆಟ್‌ಗಳಿಂದ. ಆ ತಂಡದಲ್ಲಿದ್ದ ಶುಭಮನ್ ಗಿಲ್ ಏಳು ವರ್ಷದ ಮೇಲೆ ಭಾರತದ ಟೆಸ್ಟ್ ನಾಯಕನಾಗಿ ಇಂಗ್ಲೆಂಡಿಗೆ ಹೋದರು. ಇಂಗ್ಲೆಂಡಿನ ನೆಲದಲ್ಲಿ ಒಂದು ಸರಣಿಯಲ್ಲಿ ಭಾರತೀಯನೊಬ್ಬ ಅದುವರೆಗೆ ಗಳಿಸಿದ್ದ ಅತಿ ಹೆಚ್ಚು ರನ್ 602. ಅದು 2002ರಿಂದ 23 ವರ್ಷ ಅಲ್ಲಾಡದೆ ನಿಂತಿದ್ದ ದಾಖಲೆ, ಹೆಸರು ರಾಹುಲ್ ದ್ರಾವಿಡ್. ಗಿಲ್ ಹೊಡೆದದ್ದು 754. ಶಿಷ್ಯನ ಲೆಕ್ಕದಲ್ಲಿ ಗುರುವಿನ ದಾಖಲೆ 152 ರನ್‌ಗಳಿಂದ ಕೆಳಗೆ ಬಿತ್ತು. ಇದನ್ನು ಸೋಲು ಅನ್ನಬೇಕೋ, ಕೋಚ್‌ನ ಶತಕ ಅನ್ನಬೇಕೋ?

2021ರ ನವೆಂಬರ್‌ನಲ್ಲಿ ಹಿರಿಯರ ತಂಡ ಕೈಗೆ ಬಂತು. ಅಲ್ಲಿಂದ ಸಂಖ್ಯೆಗಳು ಮೈದಾನದ ಗೋಡೆ ದಾಟಿ ಹೊರಬಿದ್ದವು. 2023ರ ವಿಶ್ವಕಪ್‌ನಲ್ಲಿ ಸತತ 10 ಜಯ. ಶ್ರೀಲಂಕಾ 55ಕ್ಕೆ ಆಲೌಟ್, ಅಂತರ 302. ದಕ್ಷಿಣ ಆಫ್ರಿಕಾ 83ಕ್ಕೆ ಆಲೌಟ್, ಅಂತರ 243. ಆ ಟೂರ್ನಿ ನೋಡಲು ಕ್ರೀಡಾಂಗಣಗಳಿಗೆ ಬಂದವರು 12,50,307 ಮಂದಿ. ಅಹಮದಾಬಾದಿನ ಫೈನಲ್‌ಗೆ 92,453. ಜಹೀರಾಬಾದ್ ಪಟ್ಟಣದ ಜನಸಂಖ್ಯೆ 2011ರ ಜನಗಣತಿಯಲ್ಲಿ 70 ಸಾವಿರದ ಆಚೀಚೆ. ಇಡೀ ಪಟ್ಟಣವನ್ನು, ಕೂಸಿನಿಂದ ಮುದುಕರವರೆಗೆ, ತಂದು ಕೂರಿಸಿದರೂ ಅವತ್ತು ತುಂಬಿದ್ದ 20 ಸಾವಿರ ಕುರ್ಚಿ ಖಾಲಿ ಉಳಿಯುತ್ತಿದ್ದವು. ಮೊಬೈಲಿನಲ್ಲಿ ಆ ಪಂದ್ಯವನ್ನು ಒಂದೇ ಕ್ಷಣದಲ್ಲಿ ನೋಡುತ್ತಿದ್ದವರ ಗರಿಷ್ಠ ಸಂಖ್ಯೆ 5.9 ಕೋಟಿ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.1 ಕೋಟಿ. ಬೀದರಿನಿಂದ ಚಾಮರಾಜನಗರದವರೆಗೆ ಹೆಚ್ಚುಕಡಿಮೆ ಪ್ರತಿಯೊಬ್ಬರೂ ಅದೇ ಕ್ಷಣಕ್ಕೆ ಅದೇ ಚೆಂಡಿನ ಮೇಲೆ ಕಣ್ಣಿಟ್ಟ ಹಾಗೆ. ಆ ಹನ್ನೊಂದನೇ ಪಂದ್ಯದಲ್ಲಿ ಭಾರತ ಸೋತಿತು. ಅಷ್ಟು ಕೋಟಿ ಜನರ ಬಾಯಿ ಒಟ್ಟಿಗೆ ಮುಚ್ಚಿತು.

ಅಲ್ಲಿಂದ 223 ದಿನಕ್ಕೆ ಬಾರ್ಬಡೋಸ್. 2024ರ ಜೂನ್ 29, ಟಿ20 ವಿಶ್ವಕಪ್ ಫೈನಲ್. ಇದೇ ವೆಸ್ಟ್ ಇಂಡೀಸ್ ನೆಲದಲ್ಲಿ 2007ರ ಮಾರ್ಚ್‌ನಲ್ಲಿ ದ್ರಾವಿಡ್ ನಾಯಕತ್ವದ ತಂಡ ವಿಶ್ವಕಪ್‌ನ ಮೊದಲ ಹಂತದಲ್ಲೇ ಮನೆಗೆ ಮರಳಿತ್ತು. 17 ವರ್ಷ, 3 ತಿಂಗಳು. ಆಟಗಾರನಾಗಿ ಇಡೀ ಬದುಕಿನಲ್ಲಿ ಅವರು ಭಾರತಕ್ಕಾಗಿ ಆಡಿದ ಟಿ20 ಪಂದ್ಯ ಎಷ್ಟು? ಒಂದು. 2011ರ ಆಗಸ್ಟ್ 31ರಂದು ಮ್ಯಾಂಚೆಸ್ಟರಿನಲ್ಲಿ, 21 ಎಸೆತಕ್ಕೆ 31 ರನ್, ಅದರಲ್ಲಿ ಸಾಲಾಗಿ ಮೂರು ಸಿಕ್ಸರ್. ಒಂದೇ ಪಂದ್ಯ ಆಡಿದವರು ವಿಶ್ವಕಪ್‌ಗೆ ಪಾಠ ಹೇಳುತ್ತಿದ್ದರು. ದಕ್ಷಿಣ ಆಫ್ರಿಕಾಕ್ಕೆ 30 ಎಸೆತದಲ್ಲಿ 30 ರನ್ ಬೇಕಿತ್ತು, ಕೈಯಲ್ಲಿ 6 ವಿಕೆಟ್. ಭಾರತ ಗೆದ್ದದ್ದು 7 ರನ್‌ಗಳಿಂದ. ವಿರಾಟ್ ಕೊಹ್ಲಿ ಕಪ್ ತಂದು ಕೈಗಿತ್ತಾಗ, 44,152 ನಿಮಿಷ ತುಟಿ ಬಿಚ್ಚದೆ ನಿಂತಿದ್ದ ಈ ಮನುಷ್ಯ ಅದನ್ನು ಎರಡೂ ಕೈಯಲ್ಲಿ ಎತ್ತಿ ಗಂಟಲು ಹರಿಯುವ ಹಾಗೆ ಕೂಗಿದರು. ಸುತ್ತ ನಿಂತವರು ಕುಣಿದರು.

ಬಹುಮಾನ 125 ಕೋಟಿ ರೂಪಾಯಿ. 500ರ ನೋಟಿನಲ್ಲಿ 25 ಲಕ್ಷ ನೋಟು. ಒಂದು ನೋಟಿನ ಉದ್ದ 15 ಸೆಂಟಿಮೀಟರ್. ತುದಿಗೆ ತುದಿ ಸೇರಿಸಿದರೆ 375 ಕಿಲೋಮೀಟರ್. ಜಹೀರಾಬಾದ್‌ನಲ್ಲಿ ಮೊದಲ ನೋಟು ಇಟ್ಟು 65ನೇ ಹೆದ್ದಾರಿಯಲ್ಲಿ ಪೂರ್ವಕ್ಕೆ ಹಾಸುತ್ತ ಹೊರಟರೆ ಕೊನೆಯ ನೋಟು ವಿಜಯವಾಡದ ಹತ್ತಿರ ಸಿಗುತ್ತದೆ. ಇದರಲ್ಲಿ ಮುಖ್ಯ ಕೋಚ್ ಪಾಲು 5 ಕೋಟಿ, ಅಂದರೆ 15 ಕಿಲೋಮೀಟರ್ ನೋಟು. ಉಳಿದ ಕೋಚ್‌ಗಳಿಗೆ ಎರಡೂವರೆ ಕೋಟಿ. ದ್ರಾವಿಡ್ ತನಗೂ ಅಷ್ಟೇ ಸಾಕು ಅಂದರೆಂದು ಪತ್ರಿಕೆಗಳು ಬರೆದವು. ಏಳೂವರೆ ಕಿಲೋಮೀಟರ್ ಉದ್ದದ ನೋಟಿನ ಸಾಲು ಸುರುಳಿ ಸುತ್ತಿಕೊಂಡು ವಾಪಸ್ ಹೋಯಿತು. ಇದು ಮೊದಲ ಸಲವೂ ಅಲ್ಲ. 2018ರಲ್ಲಿ ಕಿರಿಯರು ಗೆದ್ದಾಗ ಅವರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ 20 ಲಕ್ಷ ಘೋಷಣೆಯಾಗಿತ್ತು. ಎಲ್ಲರಿಗೂ ಒಂದೇ ಇರಲಿ ಅಂದರು. ಎಲ್ಲರಿಗೂ 25 ಲಕ್ಷ ಆಯಿತು. 50ರ ಅರ್ಧ 25, ಐದರ ಅರ್ಧ ಎರಡೂವರೆ. ಬದುಕಿಡೀ ಎಲ್ಲ ಸಂಖ್ಯೆಯನ್ನೂ ಗುಣಿಸಿದವರು ಭಾಗಿಸಿದ್ದು ಇದೊಂದನ್ನೇ, ಎರಡು ಸಲವೂ ಸರಿಯಾಗಿ ಎರಡರಿಂದ.

ಇನ್ನೂ ದೊಡ್ಡದು ಬಾಕಿ ಇದೆ. 2025ರ ಏಪ್ರಿಲ್ 28, ಜೈಪುರ. ಐಪಿಎಲ್‌ನಲ್ಲಿ ರಾಜಸ್ಥಾನ ರಾಯಲ್ಸ್‌ಗೆ ಆಗ ದ್ರಾವಿಡ್ ಮುಖ್ಯ ಕೋಚ್, ಕಾಲಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿ ಕೂತಿದ್ದರು. ಕ್ರೀಸಿನಲ್ಲಿ ಬಿಹಾರದ ವೈಭವ್ ಸೂರ್ಯವಂಶಿ, ವಯಸ್ಸು 14 ವರ್ಷ 32 ದಿನ. ದ್ರಾವಿಡ್ ಕೊನೆಯ ಟೆಸ್ಟ್ ಆಡಿ ಮುಗಿಸಿದಾಗ ಈ ಹುಡುಗನಿಗೆ ಒಂದು ವರ್ಷವೂ ತುಂಬಿರಲಿಲ್ಲ. 35 ಎಸೆತಕ್ಕೆ ಶತಕ. ಕಾಲಿನ ನೋವು ಮರೆತು ಕೋಚ್ ಗಾಲಿಕುರ್ಚಿಯಿಂದ ಎದ್ದು ನಿಂತರು. ಹುಡುಗ ಔಟಾದಾಗ 38 ಎಸೆತಕ್ಕೆ 101, ಅದರಲ್ಲಿ 11 ಸಿಕ್ಸರ್, 7 ಬೌಂಡರಿ. ಗುರು 164 ಟೆಸ್ಟ್‌ನಲ್ಲಿ ಹೊಡೆದ ಸಿಕ್ಸರ್ 21. ಶಿಷ್ಯ ಒಂದೇ ಸಂಜೆ ಅದರ ಅರ್ಧ ದಾಟಿದ. ಗುರು ಟೆಸ್ಟ್ ರನ್ನಿಗಾಗಿ ಓಡಿದ್ದು 115 ಕಿಲೋಮೀಟರ್. ಶಿಷ್ಯ ತನ್ನ 101ರಲ್ಲಿ ಓಡಿ ಗಳಿಸಿದ್ದು 7 ರನ್, ದೂರ 124 ಮೀಟರ್. ದ್ರಾವಿಡ್‌ರ ಟೆಸ್ಟ್ ವೇಗದಲ್ಲಿ ಆ 101 ಬರಬೇಕಿದ್ದರೆ 238 ಎಸೆತ ಬೇಕಿತ್ತು.

ಈಗ ಲೆಕ್ಕವನ್ನು ತಿರುಗಿಸಿ. ಆ ಹುಡುಗನ ಆ ಸಂಜೆಯ ವೇಗದಲ್ಲಿ ದ್ರಾವಿಡ್‌ರ ಅಷ್ಟೂ 31,258 ಎಸೆತಗಳನ್ನು ಆಡಿದರೆ ಎಷ್ಟು ರನ್ ಆಗುತ್ತದೆ? 83,080! ಇಷ್ಟು ರನ್ ಗಳಿಸಿದವರು ಕ್ರಿಕೆಟ್‌ನ ಯಾವ ಪುಸ್ತಕದಲ್ಲೂ ಇಲ್ಲ, ಇರುವುದೂ ಇಲ್ಲ. ಸಿಡ್ನಿಯ ಆ ಒಂದು ರನ್ ನೆನಪಿದೆಯಲ್ಲ? ಅಲ್ಲಿ 40 ಎಸೆತಕ್ಕೆ 1, ಇಲ್ಲಿ 38ಕ್ಕೆ 101. ಎರಡರ ನಡುವಿನ ವೇಗದ ಅಂತರ 106 ಪಟ್ಟು. ಎತ್ತಿನಗಾಡಿ ಗಂಟೆಗೆ 4 ಕಿಲೋಮೀಟರ್ ಹೋಗುತ್ತದೆ ಅಂದುಕೊಂಡರೆ, ಅದರ 106 ಪಟ್ಟು ವೇಗಕ್ಕೆ ವಿಮಾನವೇ ಬೇಕು. ಆ ವಿಮಾನ ಹಾರಲು ಕಲಿಸುತ್ತಿದ್ದವರು ಗಾಡಿ ಹೊಡೆದು ವಿಶ್ವದಾಖಲೆ ಮಾಡಿದವರು!